ತಪ್ಪಾಗಿ ಹಾಕಿದ ರಂಗೋಲಿ

9 ಫೆಬ್ರವರಿ 1943, ಚನ್ನರಾಯಪಟ್ಟಣ

ಸ್ಕೂಲಿನಲ್ಲಿ ಹನ್ನೊಂದು ಹುಡುಗಿಯರು ಗೈರುಹಾಜರು. ಎಲ್ಲರಿಗೂ ಒಟ್ಟಿಗೇ ಜ್ವರವಂತೆ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ವರ್ಷವರ್ಷವೂ ಬರುವ ಜ್ವರ. ರಿಜಿಸ್ಟರಿನಲ್ಲಿ ಹಾಗೇ ಬರೆದೆ. ಇನ್‌ಸ್ಪೆಕ್ಟರು ಓದಿ ಸಿಟ್ಟಾದರೆ ಆಗಲಿ.

ಸಾಯಂಕಾಲ ಎದುರುಮನೆಯ ನೀಲಾಂಬಿಕೆ ತವರಿನಿಂದ ವಾಪಸು. ಕಟ್ಟಾಯದ ಅವಳ ಅಜ್ಜಿ ಹಾಕುವ ‘ತೂಗುತೊಟ್ಟಿಲು’ ಕಲಿತು ಬಂದಿದ್ದಾಳೆ. ಅವಳು ಅಂಗಳದಲ್ಲಿ ಪುಡಿ ಎಳೆದಳು. ನಾನು ಜಗಲಿಯ ಮೇಲೆ ಕೂತು ಪೆನ್ಸಿಲಿನಲ್ಲಿ ಇಳಿಸಿಕೊಂಡೆ. ಚುಕ್ಕಿ ಎಷ್ಟು, ಎಳೆ ಎಲ್ಲಿ ತಿರುಗುತ್ತದೆ, ಕೊಟ್ಟವರು ಯಾರು, ಯಾವ ಊರು — ಎಲ್ಲ. ಆರುನೂರ ಹನ್ನೆರಡನೆಯ ರಂಗೋಲಿ.

ಮೂವತ್ತೊಂದು ವರ್ಷವಾಯಿತು ಈ ಹುಚ್ಚಿಗೆ. ಹದಿನಾರಕ್ಕೆ ಗಂಡ ಹೋದ. ಗಂಡ ಸತ್ತವಳು ರಂಗೋಲಿ ಹಾಕಬಾರದೆಂದು ಕೈಯಿಂದ ಪುಡಿಯ ಬಟ್ಟಲು ಕಿತ್ತುಕೊಂಡರು. ಪೆನ್ಸಿಲು ಕಿತ್ತುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಪೆದ್ದರು.

16 ಫೆಬ್ರವರಿ

ಹದಿನಾಲ್ಕನೆಯ ನೋಟ್‌ಬುಕ್ಕೂ ತುಂಬಿತು. ಅಟ್ಟ ಹತ್ತಿ ಟ್ರಂಕಿನಲ್ಲಿಟ್ಟು ಬಂದೆ. ಅಟ್ಟದ ತುಂಬ ತಮ್ಮ ಭುಜಬಲಿಯ ತೆಂಗಿನಕಾಯಿ, ಕೊಬ್ಬರಿಯಾಗಲೆಂದು. ಕೆಳಗೆ ಅವನ ಹೆಂಡತಿ ಚಕ್ರೇಶ್ವರಿ ಕಾಯಿಸಿಪ್ಪೆಯ ಹೊಗೆ ಹಾಕುತ್ತಾಳೆ. ಕೆಮ್ಮು ಬಂತು… ಬರಲಿ. ಇಪ್ಪತ್ತೊಂಬತ್ತನೇ ಇಸವಿಯಲ್ಲಿ ಗೋಡೆಗೂಡಿನಲ್ಲಿಟ್ಟಿದ್ದ ಪುಸ್ತಕವೊಂದನ್ನು ಗೆದ್ದಲು ತಿಂದಿತು. ಹೊಗೆಯಿದ್ದ ಕಡೆ ಗೆದ್ದಲು ಸುಳಿಯುವುದಿಲ್ಲ. ಅಂದಿನಿಂದ ಟ್ರಂಕನ್ನು ಅಟ್ಟಕ್ಕೇರಿಸಿದ್ದೇನೆ.

27 ಫೆಬ್ರವರಿ

ಎಲ್ಲ ಹೋಯಿತು.

1 ಮಾರ್ಚ್

ಬರೆಯಲೇಬೇಕು. ಈ ದಿನಚರಿ ಸ್ಕೂಲಿನ ಚೀಲದಲ್ಲಿತ್ತು, ಉಳಿಯಿತು. ಉಳಿಯಬೇಕಾದದ್ದು ಇದಲ್ಲ.

ಹೋದ ಮಂಗಳವಾರ ಮಧ್ಯಾಹ್ನ. ಮೂರನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ನೀಲಾಂಬಿಕೆ ಬಾಗಿಲಿಗೆ ಓಡಿಬಂದಳು. “ಅಕ್ಕಾ, ನಿಮ್ಮಟ್ಟ ಅತ್ಕೊಂಡ್ಬುಡ್ತು, ಬನ್ನಿ!”

ಸಿಪ್ಪೆಯ ಕಿಡಿ ಹಾರಿ ಅಟ್ಟದ ಬಿದಿರ ತಡಿಕೆ ಹತ್ತಿಕೊಂಡಿದೆ. ಮೇಲೆ ಎಣ್ಣೆ ತುಂಬಿದ ಕೊಬ್ಬರಿ, ಕೇಳಬೇಕೆ! ನಾನು ಹೋಗುವಷ್ಟರಲ್ಲಿ ಸೂರು ಕುಸಿಯುತ್ತಿತ್ತು. ನುಗ್ಗಿದೆ. ಭುಜಬಲಿ ಹಿಡಿದೆಳೆದ. ಅವನ ಕೈ ಕಚ್ಚಿದೆ. ಬಿಡಲಿಲ್ಲ, ಹಾಳಾದವನು. ಮನುಷ್ಯರೂ ಹಸುಗಳೂ ಉಳಿದವು. ಟ್ರಂಕು ಮಾರನೆಯ ದಿನ ಸಿಕ್ಕಿತು. ಒಳಗೆ ಕರೀ ಹಾಳೆಗಳು, ಮುಟ್ಟಿದರೆ ಪುಡಿ.

ಗೆದ್ದಲಿಗೆ ಹೆದರಿ ಬೆಂಕಿಯ ನೆತ್ತಿಯ ಮೇಲೆ ಇಟ್ಟವಳು ನಾನು. ಬೇರೆ ಯಾರನ್ನು ಬೈಯಲಿ? ಚಕ್ರೇಶ್ವರಿ ಮೂಲೆ ಹಿಡಿದು ಅಳುತ್ತಾಳೆ. “ದಿನಾ ಹಾಕೋ ಹೊಗೆ ತಾನೆ ಹಾಕಿದ್ದು, ಸುಮ್ನಿರು” ಎಂದೆ. ಇನ್ನೂ ಜೋರಾಗಿ ಅತ್ತಳು.

5 ಮಾರ್ಚ್

ಬಸದಿ ಬೀದಿಯಲ್ಲಿ ಬಾಡಿಗೆ ಮನೆ. ಬೆಂಕಿಗಿಂತ ಸಮಾಧಾನ ಹೇಳುವವರ ಕಾಟ ಹೆಚ್ಚಾಗಿದೆ.

ಬಸದಿಯ ಪುರೋಹಿತ ಇಂದ್ರಕುಮಾರ್ ಬಂದಿದ್ದರು. “ಪರಿಗ್ರಹ ಕಳೀತು ಅಂದ್ಕೊಳ್ಳಿ ಅಮ್ಮ. ಒಂದು ಮೋಹ ಕಮ್ಮಿ ಆಯ್ತು.”

“ನಿಮ್ಮನೆ ತಾಳೆಗರಿ ಕಟ್ಟು ಸುಟ್ಟ ದಿನ ನಾನೂ ಬಂದು ಇದನ್ನೇ ಹೇಳ್ತೀನಿ” ಎಂದೆ. ಮಜ್ಜಿಗೆ ಮುಟ್ಟದೆ ಎದ್ದು ಹೋದರು. ಭುಜಬಲಿ ರೇಗಿದ. “ಮನೆ ಓಯ್ತು, ಕಾಯಿ ಓಯ್ತು. ನಿಂಗೆ ನಿನ್ ಚುಕ್ಕಿ ಗೀಟಿನ್ದೇ ಚಿಂತೆ!”

ಹೌದು, ಅದೇ ಚಿಂತೆ. ಅವನ ತೋಟ ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತದೆ. ನನ್ನದು ಯಾವ ಮರದಲ್ಲಿ ಬಿಡಬೇಕು?

12 ಮಾರ್ಚ್

ಯುದ್ಧದ ದೆಸೆಯಿಂದ ಹೊಸ ಕಾಗದ ಸಿಗುವುದಿಲ್ಲ. ಹಳೆಯ ಹಾಜರಿ ಹಾಳೆಗಳ ಬೆನ್ನಿನ ಮೇಲೆ ನೆನಪಿನಿಂದ ಬರೆಯುತ್ತಿದ್ದೇನೆ. ಮೂರು ದಿನಕ್ಕೆ ಏಳು. ಮಿಕ್ಕವು ಅರ್ಧಕ್ಕೆ ನಿಲ್ಲುತ್ತವೆ. ಹೊರಟ ಚುಕ್ಕಿಗೆ ಎಳೆ ವಾಪಸು ಬರುವುದೇ ಇಲ್ಲ. ಪುಸ್ತಕದಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ತಲೆಯಲ್ಲಿ ಏನನ್ನೂ ಇಟ್ಟುಕೊಂಡಿಲ್ಲ ನಾನು. ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿ ಎಂದು ಬೆತ್ತ ಝಳಪಿಸುವ ವಸಂತಮ್ಮ ಮೇಡಮ್ಮು!

ಅಳು ಬಂತು. ಅತ್ತೆ. ಆಮೇಲೆ ಮುಖ ತೊಳೆದು ಸ್ಕೂಲಿಗೆ ಹೋದೆ.

11 ಏಪ್ರಿಲ್, ಭಾನುವಾರ, ಹೊಳೆನರಸೀಪುರ

ಕೊಟ್ಟವರನ್ನೇ ಮತ್ತೆ ಕೇಳೋಣವೆಂದು ಹೊರಟೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಎರಡು ಕಡೆ ನಿಂತಿತು. ಇಳಿದು ತಳ್ಳಿದೆವು, ನಾನೂ ತಳ್ಳಿದೆ.

ರೇವಮ್ಮನವರಿಗೆ ಎಪ್ಪತ್ತು ದಾಟಿದೆ. ಹಿಂದೆ ನನಗೆ ಒಂಬತ್ತು ಕೊಟ್ಟಿದ್ದರು. ಈಗ ತಲೆ ಅಲ್ಲಾಡಿಸಿದರು. “ಯಾವ್ದು ಕೊಟ್ಟಿದ್ನೋ, ಗ್ಯಾಪ್ಕ ಇಲ್ಲ ಕಣವ್ವ. ಮಂಡಿ ನೋವು ಬಂದ್ಮೇಲೆ ಸೊಸೇರು ನಾಕು ಗೀಟು ಎಳ್ದು ಒಳಕ್ಕೋಗ್ತಾರೆ.”

“ಹಾವಿನ ಗಂಟು ಅಂತ ಒಂದಿತ್ತು, ಜ್ಞಾಪಿಸಿಕೊಳ್ಳಿ” ಎಂದೆ. ನಾನು ಅರ್ಧ ಬರೆದಿದ್ದ ಹಾಳೆ ಕೊಟ್ಟೆ. ತಿರುಗಾಮುರುಗಾ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಜಗಲಿಯ ಮೇಲೆ ಪುಡಿಯ ಬಟ್ಟಲಿತ್ತು. ಎತ್ತಿಕೊಂಡೆ. ಅಂಗಳದಲ್ಲಿ ಕೂತು ಚುಕ್ಕಿ ಇಟ್ಟೆ, ತೋಚಿದ ಹಾಗೆ ಎಳೆದೆ. ಮೂವತ್ತೊಂದು ವರ್ಷದ ಮೇಲೆ. ಗೀಟು ಕುರಿ ಮೇಯ್ದ ಹಾಗೆ ಹೋಯಿತು.

“ಅಯ್ಯಯ್ಯೋ ಅಂಗಲ್ಲ ಕಣೇ! ಆ ಎಳೇನ ಒಳಿಕ್ ತಿರುಗುಸ್ಬಾರ್ದು! ತತ್ತಾ ಇಲ್ಲಿ!” ರೇವಮ್ಮ ಮಂಡಿ ಮರೆತು ಇಳಿದುಬಂದರು. ಬಟ್ಟಲು ಕಸಿದರು. ನಾನು ಎಳೆದದ್ದನ್ನು ಸೆರಗಿನಿಂದ ಒರೆಸಿ ಇಡೀ ಹಾವಿನ ಗಂಟು ಒಂದೇ ಉಸಿರಿಗೆ ಮುಗಿಸಿದರು. ಅದರ ಬೆನ್ನಿಗೆ ಇನ್ನೂ ಮೂರು ಬಂದವು.

ಆಮೇಲೆ ನನ್ನ ಬರೀ ಹಣೆ ನೋಡಿದರು. “ನೀನು ಪುಡಿ ಮುಟ್ಬುಟ್ಟಲ್ಲವ್ವ…”

“ಹೂಂ, ಮುಟ್ಟಿದೆ.”

ಕಾಫಿ ಕೊಟ್ಟರು.

12 ಏಪ್ರಿಲ್

ಗುಟ್ಟು ಸಿಕ್ಕಿತು! ಹೆಂಗಸರನ್ನು ಕೇಳಬಾರದು. ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಅವರ ಕಣ್ಣೆದುರಿಗೆ ತಪ್ಪಾಗಿ ಹಾಕಬೇಕು. ತಪ್ಪು ರಂಗೋಲಿ ನೋಡಿಕೊಂಡು ಸುಮ್ಮನಿರುವ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

25 ಏಪ್ರಿಲ್, ಅರಕಲಗೂಡು

ಬೇಸಿಗೆ ರಜ. ಗುರುಸಿದ್ದಮ್ಮನವರ ಬಾಗಿಲಲ್ಲಿ ಬೇಕೆಂದೇ ಕೆಡಿಸಿ ಹಾಕಿದೆ. ಪೊರಕೆ ಹಿಡಿದು ಬಂದರು. “ಏನಮ್ಮಾ ಇದು ಅಪಶಕುನ! ನಮ್ಮ ಬಾಗ್ಲಲ್ಲಿ ನೀನು…”

“ಗುಡಿಸಿಬಿಡಿ ಹಾಗಾದರೆ.”

ಪೊರಕೆ ಎತ್ತಿದರು. ನೋಡಿದರು. ಇನ್ನೂ ನೋಡಿದರು. “ಗುಡ್ಸೋದಿರ್ಲಿ, ಯಾವ ಮೂದೇವಿ ಕಲ್ಸುದ್ಲು ನಿಂಗೆ ಇಂಗೆ ಹಾಕಾಕೆ?”

“ನೀವೇ, ಮೂವತ್ತಾರರಲ್ಲಿ.”

ಮಧ್ಯಾಹ್ನದವರೆಗೂ ಬೈಯುತ್ತಲೇ ಹಾಕಿದರು. ಹನ್ನೊಂದು! ಬೀದಿಯ ಹೆಂಗಸರೆಲ್ಲ ಕೂಡಿಕೊಂಡು ಗುರುಸಿದ್ದಮ್ಮನವರದನ್ನೇ ತಿದ್ದಲು ಹೊರಟರು. ಜಗಳವಾಯಿತು. ಎರಡು ಕಡೆಯದನ್ನೂ ಬರೆದುಕೊಂಡೆ.

2 ಮೇ, ಹಾಸನ

ಇಲ್ಲಿ ನನಗೆ ‘ತಾವರೆಕೊಳ’ ಕೊಟ್ಟಾಕೆ ತೀರಿಕೊಂಡು ನಾಲ್ಕು ವರ್ಷ. ಅವರ ಅಂಗಳದಲ್ಲೇ ಕೆಡಿಸಿ ಹಾಕಿ ಕಾದೆ. ಸೊಸೆ ನೋಡಿ “ತುಂಬಾ ಚೆನ್ನಾಗಿದೆ” ಎಂದಳು. ಒಳಗೆ ಹೋಗಿಬಿಟ್ಟಳು. ಚೆನ್ನಾಗಿದೆಯಂತೆ! ಅವಳ ಅತ್ತೆ ಇದ್ದಿದ್ದರೆ ನನ್ನ ಕಿವಿ ಹಿಂಡುತ್ತಿದ್ದರು.

ತಾವರೆಕೊಳ ಹೋದಂತೆಯೇ.

20 ಮೇ, ಚನ್ನರಾಯಪಟ್ಟಣ

ನಾಲ್ಕು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಸುಟ್ಟಮನೆಯ ಮುಂದೆ ಹಾಕುತ್ತಿದ್ದೇನೆ. ಮೊದಲ ದಿನ ಬೀದಿಯೆಲ್ಲ ಬಾಗಿಲು ಹಾಕಿಕೊಂಡಿತು. ಎರಡನೆಯ ದಿನ ನೀಲಾಂಬಿಕೆ ಬಾಗಿಲ ಸಂದಿಯಿಂದಲೇ ಕೂಗಿದಳು. “ಅಕ್ಕಾ, ಅದು ತೊಟ್ಲಲ್ಲ, ಚಟ್ಟ ಆದಂಗಾಗದೆ! ತಾಳಿ, ಬತ್ತೀನಿ!” ಇವತ್ತು ಏಳು ಜನ. ಚಕ್ರೇಶ್ವರಿ ಕೊನೆಯಲ್ಲಿ ನಿಂತಿದ್ದಳು. ಎಲ್ಲ ಸೇರಿ ತೊಂಬತ್ತಮೂರು ಸಿಕ್ಕಿದೆ.

ಭುಜಬಲಿ ಬಂದು ಎಲ್ಲರೆದುರಿಗೇ ಕೂಗಾಡಿದ. “ಮನೆ ಬಾಗ್ಲಲ್ಲಿ ಇದೇನಕ್ಕ? ಇರೋ ದರಿದ್ರ ಸಾಲ್ದಾ?”

“ಬಾಗಿಲೆಲ್ಲಿದೆಯೋ? ತೋರಿಸು. ಮುತ್ತೈದೆ ಚಕ್ರೇಶ್ವರಿ ಹದಿನೆಂಟು ವರ್ಷ ತಪ್ಪದೆ ರಂಗೋಲಿ ಹಾಕಿದಳು. ಮನೆ ಸುಡಲಿಲ್ಲವೇ? ನಾನು ಹಾಕಿ ಇನ್ನೇನು ಸುಡಬೇಕು?”

“ಹೊಸ ಬಾಗ್ಲು ನಿಲ್ಸೋವರ್ಗೂ ಏನಾದ್ರೂ ಮಾಡ್ಕೊ. ಆಮೇಲೆ ಒಂದು ಚುಕ್ಕಿ ಬೀಳಕೂಡ್ದು” ಎಂದ.

ಬೀಳುತ್ತದೆ. ಆ ದಿನವೇ ಬೀಳುತ್ತದೆ. ಬರೆದಿಟ್ಟಿದ್ದೇನೆ.

10 ಜೂನ್, ಬೆಳಿಗ್ಗೆ 11 ಗಂಟೆ

ಇವತ್ತು ಹೊಸ ಬಾಗಿಲ ಚೌಕಟ್ಟು ನಿಲ್ಲಿಸಿದರು. ಇಂದ್ರಕುಮಾರರ ಪೂಜೆ ಮುಗಿಯುವುದನ್ನು ಕಾದೆ. ಚಕ್ರೇಶ್ವರಿ ಪುಡಿಯ ಬಟ್ಟಲು ಹಿಡಿದು ಬಂದಳು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಬಟ್ಟಲನ್ನು ನನ್ನ ಕೈಗಿಟ್ಟಳು. ಭುಜಬಲಿ ಬಾಯಿ ತೆರೆಯುವಷ್ಟರಲ್ಲಿ ಅವಳೇ, “ನಿಮ್ಮಕ್ಕ ಆಕ್ಲಿ. ಬ್ಯಾಡ ಅನ್ನೋದಾದ್ರೆ ನಾಳೆಯಿಂದ ನಾನೂ ಆಕಲ್ಲ” ಎಂದಳು. ಅವಳ ಬಾಯಲ್ಲಿ ಇಷ್ಟುದ್ದ ಮಾತು ನಾನು ಕೇಳಿದ್ದೇ ಇಲ್ಲ.

ಕೂತೆ. ಅಮ್ಮನ ರಂಗೋಲಿ ಹಾಕಿದೆ. ನನಗೆ ಹದಿಮೂರಾದಾಗ ಅಮ್ಮ ಹೋದಳು. ಸ್ವಂತವಾಗಿ ಕಟ್ಟಿದ್ದಳು ಅದನ್ನು, ಇನ್ನೊಬ್ಬರಿಗೆ ಕಲಿಸಿದವಳಲ್ಲ. ಇದೊಂದನ್ನು ಕೆಡಿಸಿ ಹಾಕಲಿಲ್ಲ. ಉಸಿರು ಕಟ್ಟಿ, ಸರಿಯಾಗಿ ಹಾಕಲು ನೋಡಿದೆ. ಎಡಮೂಲೆಯಲ್ಲಿ ಕೈ ನಿಂತಿತು. ಎಳೆ ಮೇಲಿಂದಲೋ, ಕೆಳಗಿಂದಲೋ… ಮೇಲಿಂದ ತಂದೆ. ಮುಗಿಸಿ ಎದ್ದು ನಿಂತೆ. ಯಾರಾದರೂ ‘ಅಂಗಲ್ಲ’ ಎನ್ನಲಿ ಎಂದು ಕಾದೆ. ಬೀದಿಯ ಅಷ್ಟೂ ಹೆಂಗಸರು ಸುಮ್ಮನೆ ನೋಡಿದರು. “ಬೋ ಚೆಂದಾಗದೆ ಅಕ್ಕ” ಎಂದಳು ನೀಲಾಂಬಿಕೆ. ಅವಳೂ ಹಾಗೆ ಅಂದಳು.

ಅದನ್ನು ಕಂಡವನು ಇನ್ನೊಬ್ಬನೇ ಇದ್ದಾನೆ. “ಭುಜಬಲಿ, ಅಮ್ಮನದು. ಸರಿಯಾಗಿದೆಯೇನೋ? ಹೇಳೋ.”

ಬಹಳ ಹೊತ್ತು ಬಗ್ಗಿ ನೋಡಿದ. ಸಿಟ್ಟೆಲ್ಲ ಇಳಿದುಹೋಗಿತ್ತು. “ನಂಗೊತ್ತಿಲ್ಲಕ್ಕ. ನಾನು ಅದ್ರ ಮೇಲೆ ತುಳ್ಕೊಂಡು ಓಡಾಡ್ತಿದ್ದೋನು” ಎಂದ.

ಆಯಿತು. ತಿದ್ದುವವರು ಯಾರೂ ಉಳಿದಿಲ್ಲ. ಆದರೆ ಅಳುವುದಿಲ್ಲ. ಇನ್ನು ಮೇಲೆ ಎಳೆ ಮೇಲಿಂದಲೇ ಬರುತ್ತದೆ. ಇದೇ ಸರಿ. ನಾಳೆ ನೀಲಾಂಬಿಕೆಗೆ, ಚಕ್ರೇಶ್ವರಿಗೆ, ಸ್ಕೂಲಿನ ಎಲ್ಲ ಹುಡುಗಿಯರಿಗೆ ಇದನ್ನೇ ಕಲಿಸುತ್ತೇನೆ. ಅವರು ಕೆಡಿಸಿದರೆ ಕಿವಿ ಹಿಂಡುತ್ತೇನೆ.

ಹಾಳೆಯಲ್ಲಿ ‘ಕೊಟ್ಟವರು’ ಎಂಬ ಕಡೆ ಅಮ್ಮ ಎಂದು ಬರೆಯಹೋದೆ. ನಿಲ್ಲಿಸಿದೆ. ವಸಂತಮ್ಮ, ಚನ್ನರಾಯಪಟ್ಟಣ — ಎಂದು ನನ್ನ ಹೆಸರನ್ನೇ ಬರೆದೆ. ಚುಕ್ಕಿ ಹದಿಮೂರು. ಎಡಮೂಲೆಯ ಎಳೆ ಮೇಲಿನಿಂದ.