ಕತ್ರಿನ ಎಂಬ ಹೆಸರಿಗೇನು ಕಡಿಮೆ

ಅಲ್ ಖುವೈರ್, ಮಸ್ಕತ್
8-10-1993, ಶುಕ್ರವಾರ

ಪ್ರೀತಿಯ ಕತ್ರಿನಳಿಗೆ,

ನಿನ್ನ ಮೊಣಕಾಲು ಹೇಗಿದೆ? ಹೋದ ತಿಂಗಳು ಕಳಿಸಿದ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ನೆರೆಯವರಿಗೆಲ್ಲ ಹಂಚಿ ಪುಣ್ಯ ಕಟ್ಟಿಕೊಂಡೆಯೋ? ಹಂಚಿರುತ್ತೀ, ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಸಿಟ್ಟು ಮಾತ್ರ ಇಲ್ಲ. ಹತ್ತೊಂಬತ್ತು ವರ್ಷದಿಂದ ‘ಬಾಸಿಲನ ಅಮ್ಮನಿಗೆ’ ಎಂದು ಶುರು ಮಾಡುತ್ತಿದ್ದವನು ಇವತ್ತು ಹೆಸರು ಹಿಡಿದು ಬರೆದದ್ದು ಯಾಕೆ ಎಂದು ಕೇಳುತ್ತೀ. ಓದುತ್ತಾ ಹೋಗು. ಕೊಂಕಣಿಯಲ್ಲಿ ಬರೆದರೆ ಬೈಗುಳವೇ ಜಾಸ್ತಿಯಾಗುತ್ತದೆ, ಅದಕ್ಕೇ ಎಂದಿನಂತೆ ನನ್ನ ನಾಲ್ಕನೇ ಕ್ಲಾಸಿನ ಕನ್ನಡ.

ಮಗುವಿಗೆ ಇವತ್ತಿಗೆ ಇಪ್ಪತ್ತೆರಡು ದಿನ. ಇವ್ಲಿನ್ ಆರಾಮಾಗಿದ್ದಾಳೆ. ನಮ್ಮ ಬಾಸಿಲ್ ಆಫೀಸಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ತೊಟ್ಟಿಲಿಗೆ ಬಗ್ಗುತ್ತಾನೆ. ಮೊಮ್ಮಗಳು ಹಸಿವಾದರೆ ಅಳುವುದಿಲ್ಲ, ಗದರಿಸುತ್ತಾಳೆ. ಅದು ನನ್ನ ಕಡೆಯದ್ದು. ಹಣೆ ಮಾತ್ರ ಅಚ್ಚು ನಿನ್ನದು.

ಕಳೆದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ನವೆಂಬರ್ ಇಪ್ಪತ್ತಾರಕ್ಕೆ ಜ್ಞಾನಸ್ನಾನ. ನಾನೇ ಜ್ಞಾನತಂದೆ, ಮಗುವನ್ನು ಎತ್ತಿಕೊಂಡು ಹೆಸರು ಹೇಳಬೇಕಾದವನೂ ನಾನೇ. ಹೆಸರಿನ ಮಾತು ನಾನು ಎತ್ತಿರಲಿಲ್ಲ. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು, ನಮ್ಮಲ್ಲಿ ಇದನ್ನು ಯಾರಾದರೂ ಕೇಳುವುದುಂಟೇ? ಬಾಸಿಲ್ ಮೀನಿನ ಮುಳ್ಳು ತೆಗೆಯುತ್ತಾ, ನನ್ನ ಮುಖ ನೋಡದೆ, ರೋಶೆಲ್ ಎಂದು ಇಡೋಣ ಅಂತಿದ್ದೇವೆ ಎಂದ. ಬಾಟಲಿಯಲ್ಲಿ ಬರುವ ಕೆಂಪು ಶರಬತ್ತಿನ ಹೆಸರಿನಂತಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ತಟ್ಟೆ ತಳ್ಳಿ ಎದ್ದೆ. ಆಫೀಸಿನಲ್ಲಿ ಕೂತು ನಾಲ್ಕು ಸಾಲು ಇಂಗ್ಲಿಷ್ ಬರೆದ ಮಾತ್ರಕ್ಕೆ ತಾಯಿಯ ಹೆಸರು ನಾಚಿಕೆಯಾಯಿತೇ, ಆ ಹೆಸರಿನವಳು ಬೀಡಿ ಕಟ್ಟಿ ನಿನ್ನನ್ನು ಓದಿಸಿದ್ದು ಎಂದೆ. ಇವ್ಲಿನಳ ತವರಿನವರನ್ನೂ ನಡುವೆ ಎಳೆದು ತಂದೆ. ಅದು ತಪ್ಪು, ಒಪ್ಪುತ್ತೇನೆ. ಹುಡುಗಿ ಅಳಲಿಲ್ಲ. ಒಳಗೆ ಹೋಗಿ ನೀನು ಅವಳಿಗೆ ಬರೆದ ಕಾಗದ ತಂದು ನನ್ನ ಮುಂದೆ ಇಟ್ಟಳು.

‘ಪಪ್ಪ, ಬೇಡ ಅಂದದ್ದು ನಾವಲ್ಲ, ಊರಿನಿಂದ ಮಾಂಯ್ ಅವರೇ. ನಿಮಗೆ ಹೇಳಬಾರದು ಅಂತಲೂ ಬರೆದಿದ್ದಾರೆ.’

ಓದಿದೆ. ‘ನನ್ನ ಹೆಸರು ಮಗುವಿಗೆ ಬೇಡ ಮಗಳೇ, ಅದು ಒಂಟಿ ಹೆಸರು. ಆ ಹೆಸರಿನವಳಿಗೆ ಗಂಡ ಎಂದರೆ ಎರಡು ವರ್ಷಕ್ಕೊಮ್ಮೆ ಬರುವ ಪೆಟ್ಟಿಗೆ.’ ನಿನ್ನದೇ ಕೈಬರಹ. ಅದೇ ವಾರ ನನಗೆ ಬರೆದ ಕಾಗದದಲ್ಲಿ ಬಾವಿಯ ರಾಟೆ ತುಂಡಾದದ್ದಿತ್ತು, ಹಂದಿ ಮರಿ ಹಾಕಿದ್ದಿತ್ತು. ಇದು ಇರಲಿಲ್ಲ.

ಒಂಟಿ ಹೆಸರಂತೆ. ಕೇಳು ಇಲ್ಲಿ. ನಾನು ಲಾಂಡ್ರಿಯಲ್ಲಿ ಬರೇ ಇಸ್ತ್ರಿ ಹಾಕುವವನಲ್ಲ. ಹತ್ತು ವರ್ಷದಿಂದ ಕೌಂಟರಿನಲ್ಲಿ ಗಿರಾಕಿಗಳ ಹೆಸರು ಕೇಳಿ ಚೀಟಿ ಬರೆಯುವವನೂ ನಾನೇ. ನಿನ್ನ ಹೆಸರು ದಿನಾ ನನ್ನ ಕೈಗೆ ಬರುತ್ತದೆ. ಐರ್ಲೆಂಡಿನ ನರ್ಸು ಕ್ಯಾಥ್ಲೀನ್ ಪ್ರತಿ ಸೋಮವಾರ ಯೂನಿಫಾರ್ಮ್ ತರುತ್ತಾಳೆ. ಡೆನ್ಮಾರ್ಕಿನವಳೊಬ್ಬಳು ಕಾರೆನ್. ನಿನ್ನ ಹೆಸರು ಕೇಳಿ, ಅದೇ ಹೆಸರು ನಮ್ಮ ಊರಿನಲ್ಲಿ ಸವೆದು ಸವೆದು ಕಾರೆನ್ ಆಗಿದೆ ಎಂದಳು. ನಾನು ನಂಬಲಿಲ್ಲ. ಹರಿದ ಚಾದರಕ್ಕೆ ಜಗಳ ತೆಗೆಯಲು ಪೀಠಿಕೆ ಹಾಕುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಕೇಳುವುದೇ ನನಗೆ ಚಟವಾಯಿತು. ಪೋಲೆಂಡಿನ ಇಂಜಿನಿಯರನ ಹೆಂಡತಿ ಕತಾಜಿನಾ, ಎರಡು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ತಿರುಗಲಿಲ್ಲ. ಹಾಲೆಂಡಿನ ಮುದುಕಿ ಕತ್ರೀನ್, ಅವಳ ತಂಗಿಯ ಮಗಳು ತ್ರೈನ್, ಎರಡೂ ಒಂದೇ ಅಂತೆ. ರಷ್ಯಾದಲ್ಲಿ ರಾಣಿಗೇ ಆ ಹೆಸರಿತ್ತಂತೆ, ಮನೆಯಲ್ಲಿ ಮುದ್ದಿಗೆ ಕಾತ್ಯಾ ಅನ್ನುತ್ತಾರೆ. ಇಟಲಿಯಲ್ಲಿ ಕತೆರೀನಾ, ಸ್ಪೇನಿನಲ್ಲಿ ಕತಲೀನಾ. ಜೊತೆಗೆ ಕೆಲಸ ಮಾಡುವ ದೊರೆಸ್ವಾಮಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ‘ಅಣ್ಣಾ, ನಿಮ್ಮ ಮನೆಯವ್ರು ದುನಿಯಾ ಎಲ್ಲ ಸುತ್ತಿದ್ದಾರೆ, ನೀವೊಬ್ರೇ ಇಲ್ಲೇ ನಿಂತಿದ್ದೀರಿ’ ಅಂದ.

ಹುಟ್ಟಿದ್ದು ಎಲ್ಲಿ ಎಂದು ನಮ್ಮ ಇಗರ್ಜಿಯ ಪಾದ್ರಿಗಳನ್ನು ಕೇಳಿದೆ. ಗ್ರೀಕರ ಹೆಸರಂತೆ, ಅವರ ಬಾಯಲ್ಲಿ ಐಕಾತೆರೀನಿ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಂತ ಕತ್ರಿನಳಿಂದ ಅದಕ್ಕೆ ಕೀರ್ತಿ ಬಂತು. ಧರ್ಮಯುದ್ಧಕ್ಕೆಂದು ಈ ಕಡೆ ಬಂದ ಯುರೋಪಿನ ಸಿಪಾಯಿಗಳು ಹೆಸರನ್ನು ಊರಿಗೆ ಒಯ್ದು ತಮ್ಮ ಹೆಣ್ಣುಮಕ್ಕಳಿಗೆ ಇಟ್ಟರು. ಪೊರ್ತುಗೀಸರು, ಇಲ್ಲಿ ಮಸ್ಕತ್ ಬಂದರಿನ ಕೋಟೆ ಕಟ್ಟಿದ ಅದೇ ಜನ, ಕತಾರಿನಾ ಎಂದು ಗೋವೆಗೆ ತಂದರು. ನಮ್ಮ ಹಿರಿಯರು ಗೋವೆ ಬಿಟ್ಟು ಓಡಿಬಂದಾಗ ಹೆಸರೂ ಗಂಟಿನಲ್ಲಿ ಸೇರಿ ಬಂತು. ಅರ್ಥ ‘ಶುದ್ಧ’ ಎನ್ನುತ್ತಾರಂತೆ. ಅದೂ ಆಮೇಲೆ ಅಂಟಿಸಿದ್ದಿರಬಹುದು, ಮೂಲದ ಅರ್ಥ ಪಂಡಿತರಿಗೂ ಖಚಿತವಿಲ್ಲ ಎಂದರು ಪಾದ್ರಿಗಳು. ಪಂಡಿತರಿಗೇ ಗೊತ್ತಿಲ್ಲದ್ದು ನಿನಗೆ ಹೇಗೆ ಗೊತ್ತಾಯಿತು, ಅದು ಒಂಟಿ ಎಂದು? ಐವತ್ತು ಪಂಡಿತರನ್ನು ವಾದದಲ್ಲಿ ಸೋಲಿಸಿದ ಆ ಸಂತಳ ಹೆಸರು ಅದು. ಇಷ್ಟು ದೇಶದ ಮನೆಗಳಲ್ಲಿ ಗಂಡ, ಮಕ್ಕಳು, ಮೊಮ್ಮಕ್ಕಳ ನಡುವೆ ಕೂತು ಉಂಡ ಹೆಸರು.

ಒಂಟಿಯಾದದ್ದು ಹೆಸರಲ್ಲ, ನೀನು. ಮಾಡಿದವನು ನಾನು. ಮೊದಲು ಮನೆಗೆ ಹೆಂಚು ಅಂದೆ, ಆಮೇಲೆ ಬಾಸಿಲನ ಓದು, ಆಮೇಲೆ ನಿನ್ನ ತಂಗಿಯ ಮದುವೆ, ಆಮೇಲೆ ಇನ್ನೊಂದು ವರ್ಷ, ಇನ್ನೊಂದೇ ವರ್ಷ. ತಪ್ಪನ್ನು ನನ್ನ ತಲೆಗೆ ಕಟ್ಟು, ಹೊತ್ತುಕೊಳ್ಳುತ್ತೇನೆ. ಹೆಸರಿನ ತಲೆಗೆ ಕಟ್ಟಬೇಡ. ಇಪ್ಪತ್ತಾರಕ್ಕೆ ಪಾದ್ರಿಗಳು ಈ ಮಗುವಿನ ಹೆಸರೇನು ಎಂದು ಕೇಳಿದಾಗ ಕತ್ರಿನ ಎಂದೇ ಹೇಳುತ್ತೇನೆ, ಹಿಂದಿನ ಬೆಂಚಿಗೂ ಕೇಳುವಂತೆ. ಮಗ ಸೊಸೆಗೆ ಹೇಳಿ ಆಗಿದೆ. ಮಾಂಯ್ ಒಪ್ಪಿದರೆ ನಮಗೂ ಸಂತೋಷ ಎಂದರು. ನಾನು ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿನ್ನ ತಂಗಿಗೂ ವಾಡೆಯ ನೆರೆಹೊರೆಯವರಿಗೂ ನನ್ನ ನೆನಪು ಹೇಳು. ದೇವರು ನಿನ್ನ ಕಾಲಿಗೂ ನನ್ನ ನಾಲಿಗೆಗೂ ದಯೆ ತೋರಲಿ.

ನಿನ್ನ
ಕ್ಯಾಸ್ಮಿರ್

ಮರೆತೆ: ರಜೆಯಲ್ಲಿ ಊರಿಗೆ ಹೊರಟ ಎಡ್ಮಂಡ್ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಬರುತ್ತದೆ. ಜೊತೆಗಿರುವ ಹಾಳೆಯನ್ನು ಬಿಸಾಡಬೇಡ, ಅದು ಬಾಸಿಲ್ ಈ ವಾರ ಓಡಾಡಿ ನಿನಗೆ ಮಾಡಿಸಿದ ವಿಸಿಟ್ ವೀಸಾ. ಪಾಸ್‌ಪೋರ್ಟ್ ನಿನ್ನ ಸೀರೆಗಳ ಅಡಿಯಲ್ಲಿದೆ. ನವೆಂಬರ್ ಇಪ್ಪತ್ತಕ್ಕೆ ಎಡ್ಮಂಡ್ ಹಿಂದಿರುಗುವಾಗ ಅವನ ಜೊತೆ ಹೊರಟು ಬಾ. ನನ್ನನ್ನು ತಡೆಯಬೇಕಾದರೆ ಇಗರ್ಜಿಯಲ್ಲಿ ನನ್ನ ಎದುರು ನಿಂತು ಬೇರೆ ಹೆಸರು ಹೇಳು, ನಾನು ತುಟಿ ಬಿಚ್ಚುವುದಿಲ್ಲ. ಲಾಂಡ್ರಿಯ ಯಜಮಾನ, ನನ್ನ ಕಫೀಲನ ಹತ್ತಿರ ನಿನ್ನೆ ಹೋಗಿ, ಖಲಾಸ್, ಇನ್ನು ಕೆಲಸ ಸಾಕು ಎಂದು ಹೇಳಿ ಬಂದೆ. ಡಿಸೆಂಬರ್ ಹದಿನೆಂಟಕ್ಕೆ ಬೊಂಬಾಯಿಗೆ ಹೋಗುವ ವಿಮಾನದಲ್ಲಿ ಕಿಟಕಿಯ ಸೀಟು ನಿನಗೆ, ಪಕ್ಕದ್ದು ನನಗೆ.