ಅಂಗಳದಲ್ಲಿ ಹಾಕಿದ ಎಲೆ

ಕಲಘಟಗಿ
೫-೭-೧೯೮೩

ಮುಖ್ಯೋಪಾಧ್ಯಾಯ ಚಿ. ಭರಮಪ್ಪನಿಗೆ,

ನಿನ್ನೆ ನಿನ್ನ ಶಾಲೆಯಲ್ಲಿ ನಾನು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ವಿವರಿಸುತ್ತ, ‘ಎಲ್ಲ ಮನುಷ್ಯರೂ ಸಮಾನರಾಗಿಯೇ ಸೃಷ್ಟಿಯಾಗಿದ್ದಾರೆ’ ಎಂದಾಗ ಮೊದಲು ಚಪ್ಪಾಳೆ ತಟ್ಟಿದವನು ನೀನು. ನನ್ನ ಶಿಷ್ಯನೆಂದು ಹಿಗ್ಗಿದೆನು.

ಆಮೇಲೆ ನಿನ್ನ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ದಲಿತ ಕೇರಿಯ ಸಹಶಿಕ್ಷಕ ಮೈಲಾರಪ್ಪನವರಿಗೆ ನೀನು, “ಮಾಸ್ತರ, ನಿಮ್ಮ ಎಲಿ ಅಂಗಳದಾಗ ಹಾಕೇವ್ರಿ” ಎಂದೆ. “ಅಮೆರಿಕಾ ಬರೇ ಸಾಲ್ಯಾಗ ಏನ್ರಿ, ಸರ?” ಎಂದು ನಕ್ಕು ಅವರು ಎದ್ದುಹೋದರು. ನಾನೂ ಉಣ್ಣದೆ ಎದ್ದೆನು.

ಆ ಘೋಷಣೆಗೆ ಸಹಿ ಹಾಕಿದ ಹಲವರ ಮನೆಗಳಲ್ಲಿಯೂ ಗುಲಾಮರಿದ್ದರೆಂದು ನಾನು ಭಾಷಣದಲ್ಲಿ ಹೇಳಿರಲಿಲ್ಲ. ಆ ಪಾಠವನ್ನು ನೀನು ಪೂರ್ಣಗೊಳಿಸಿದೆ.

ನೀನು ಹೊದಿಸಿದ ಶಾಲನ್ನು ಇದರೊಂದಿಗೆ ಮರಳಿಸಿದ್ದೇನೆ. ಭಾನುವಾರ ಮೈಲಾರಪ್ಪನವರು ನಮ್ಮಲ್ಲಿ ಉಣ್ಣುವರು. ಅವರ ಪಕ್ಕದಲ್ಲಿ ಕುಳಿತು ಉಣ್ಣುವುದಾದರೆ ಬಾ. ಇಲ್ಲವಾದರೆ ಇನ್ನು ನನ್ನನ್ನು ಗುರುವೆಂದು ಕರೆಯಬೇಡ.

ಇಂತು,
ಬಸವಣ್ಣೆಪ್ಪ
ನಿವೃತ್ತ ಶಿಕ್ಷಕ