ಪೈ ಎಲ್ಲಿ ಹೋಯಿತು, ಕಾಕಾ?

ಕಾಕಾ,

ಕುಶಲ ಕೇಳುವ ಮನಸ್ಸಿಲ್ಲ, ಜಗಳಕ್ಕೆ ಬಂದಿದ್ದೇನೆ. ನೀವು ತೀರಿಕೊಂಡು ಎಂಟು ತಿಂಗಳಾಯಿತು. ಅಲ್ಲೂ ಯಾರದೋ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿರುತ್ತೀರಿ. ಅದನ್ನು ಪಕ್ಕಕ್ಕಿಟ್ಟು ಇದನ್ನು ಓದಿ.

ಪಾಂಡೇಸರಾದ ಈ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿಗೆ ನಾನು ಬಂದ ಮೊದಲ ವಾರ ನೆನಪಿದೆಯೇ? ಗಂಡನ ರೈಲ್ವೆ ವರ್ಗಾವಣೆಯ ಹಿಂದೆ ಉಧ್ನಾಕ್ಕೆ ಬಂದ ಮೈಸೂರಿನವಳು, ಗುಜರಾತಿ ಒಂದಕ್ಷರ ಬಾರದು. ನನ್ನ ಪ್ರೋಗ್ರಾಂ ಕಂಪೈಲ್ ಮಾಡಿದರೆ ಪರದೆಯ ತುಂಬ ತಪ್ಪುಗಳು, ನನಗೆ ಕಣ್ಣ ತುಂಬ ನೀರು. "ಯಾಕ ಅಳ್ತಿ ತಂಗಿ? ಮೊದಲನೇ ತಪ್ಪಷ್ಟ ನೋಡು, ಉಳಿದಾವೆಲ್ಲಾ ಅದರ ಮಕ್ಕಳು" ಎಂದಿರಿ. ನಿಮ್ಮ ಧಾರವಾಡದ ಮಾತು ಕೇಳಿದ ಮೇಲೆಯೇ 'ಸರ್' ಹೋಗಿ 'ಕಾಕಾ' ಆಗಿದ್ದು. ಇನ್ನೊಂದನ್ನೂ ಹೇಳಿದ್ದಿರಿ: "ಮಷೀನ್ ಜೋಡಿ ಬಂದ ಫೈಲಿಗೆ ಕೈ ಹಚ್ಚಬ್ಯಾಡ. ಬೇಕಾದ್ದು ನಮ್ಮ ಫೈಲಿನ್ಯಾಗ ಬರಕೋಬೇಕು." ಇದನ್ನು ನಾನು ದೇವರ ಮಾತೆಂದು ನಂಬಿದ್ದೆ.

ಹೋದ ತಿಂಗಳು ಹೊಸ ಕಂಪ್ಯೂಟರ್ ಬಂತು. ಅದರ ಜೊತೆ ಬೋಡಕ್‌ದೇವ್‌ನ ಹೆಡ್ ಆಫೀಸಿನಿಂದ ಮೆಹುಲ್‌ಭಾಯಿಯೂ ಬಂದರು. ಯಾವ ಛಾಯೆಗೆ ಯಾವ ಬಣ್ಣ ಎಷ್ಟು ಗ್ರಾಂ ಎಂದು ಹೇಳುವ ನಿಮ್ಮ ಪ್ರೋಗ್ರಾಂ ಅದರಲ್ಲಿ ಕಂಪೈಲ್ ಆಗಲೇ ಇಲ್ಲ. ಮೊದಲನೇ ತಪ್ಪು ನೋಡಿದೆ. ಬಣ್ಣದ ದುಂಡು ತೊಟ್ಟಿಯ ಅಳತೆಗೆ ಬೇಕಾದ ಪೈ, ಶಾಲೆಯ ಮಕ್ಕಳಿಗೂ ಗೊತ್ತಿರುವ 3.14, ಅದೇನೆಂದು ತನಗೆ ಗೊತ್ತಿಲ್ಲ ಎನ್ನುತ್ತಿತ್ತು ಕಂಪ್ಯೂಟರ್! ಮೆಹುಲ್‌ಭಾಯಿ ಎಲ್ಲರೆದುರು ನಕ್ಕರು. "ಬೆಹೆನ್, ಕಾಕಾ ಸ್ಕೂಲ್ ಮೇ ಪೈ ನಹೀ ಪಢೇ ಥೇ ಕ್ಯಾ? ಕಚರಾ ಹೈ, ಫೇಂಕ್ ದೋ." ಕಾಕಾ ಶಾಲೆಯಲ್ಲಿ ಪೈ ಕಲಿತಿಲ್ಲವಂತೆ, ನಿಮ್ಮ ಪ್ರೋಗ್ರಾಂ ಕಸವಂತೆ, ಬಿಸಾಡಬೇಕಂತೆ. ಸೋಮವಾರದೊಳಗೆ ಸರಿಯಾಗದಿದ್ದರೆ ಬೇರೆ ಪ್ರೋಗ್ರಾಂ ಕೊಳ್ಳುತ್ತಾರಂತೆ.

ಮೈ ಉರಿದುಹೋಯಿತು. ಆರು ವರ್ಷ ಈ ಮಿಲ್ಲಿನ ಒಂದೊಂದು ಸೀರೆಯೂ ಯಾರ ಲೆಕ್ಕದಲ್ಲಿ ಬಣ್ಣವಾಯಿತು? ಪೈಯ ಬೆಲೆ ಕಂಪ್ಯೂಟರಿನ ಜೊತೆಗೇ ಬರುವ ಗಣಿತದ ಹೆಡರ್ ಫೈಲಿನಲ್ಲಿರುತ್ತದೆ, ನಾವು ಅದನ್ನು ಕರೆದು ಬಳಸುತ್ತೇವೆ, ಇವರು ಅದನ್ನು ಹಾಕದೆ ಕಳಿಸಿದ್ದಾರೆ, ಕಾಕಾನದೇನೂ ತಪ್ಪಿಲ್ಲ ಎಂದು ಮೇಜು ಕುಟ್ಟಿ ಹೇಳಿದೆ. ಕಂಪ್ಯೂಟರ್ ಮಾರಿದ ಕಂಪನಿಯ ಇಂಜಿನಿಯರನ್ನು ಕರೆಸಿ ದಬಾಯಿಸಿದೆ. ಪಾಪ, ಆತ ಪುಸ್ತಕ ತೆರೆದು ತೋರಿಸಿದ. "ಮ್ಯಾಡಮ್, ಹಮಾರೇ ಪುರಾನೇ ಮಷೀನ್ ಮೇ ಭೀ ಪೈ ನಹೀ ಥಾ." ಅವರ ಹಳೆಯ ಮಷೀನಿನಲ್ಲೂ ಪೈ ಇರಲೇ ಇಲ್ಲವೆಂದರೆ ಆರು ವರ್ಷ ನಿಮ್ಮ ಪ್ರೋಗ್ರಾಂ ನಡೆದದ್ದಾದರೂ ಹೇಗೆ?

ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಲು ಮೂಲೆಯಲ್ಲಿ ಕೂತಿತ್ತು. ಧೂಳು ಕೊಡವಿ ಚಾಲೂ ಮಾಡಿದೆ. ಎರಡೂ ಹೆಡರ್ ಫೈಲುಗಳ ಪ್ರಿಂಟ್ ತೆಗೆದು ಸಾಲಿಗೆ ಸಾಲು ಹೋಲಿಸಿದೆ. ಹಳೆಯದರ ಕೊನೆಯಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ. ಪೈಯ ಬೆಲೆ, ಪಕ್ಕದಲ್ಲಿ 'ಟೆಂಪರರಿ' ಎಂಬ ಮಾತು, ಅದರ ಮುಂದೆ ನಿಮ್ಮ ಇನಿಷಿಯಲ್.

ಏನು ಕಾಕಾ ಇದು? ಕೈ ಹಚ್ಚಬೇಡ ಎಂದವರು ನೀವೇ ತಾನೇ? ಕಂಪನಿಯ ಇಂಜಿನಿಯರ್ ಮುಂಬಯಿಯಿಂದ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಕಾಲ, ಪೈ ಎಲ್ಲರಿಗೂ ಬೇಕಿತ್ತು, ಎಲ್ಲರ ಕೈಗೂ ಸಿಗಲೆಂದು ಅಲ್ಲಿ ಬರೆದಿರಿ. ಅದು ಅರ್ಥವಾಗುತ್ತದೆ. ಆದರೆ ಉಪಕಾರವನ್ನೂ ಕದ್ದುಮುಚ್ಚಿ ಮಾಡಬೇಕೇ? ದಿನಾ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವಲ್ಲ, ನನಗೊಬ್ಬಳಿಗೆ ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಿಮ್ಮ ಪರವಾಗಿ ಊರೆಲ್ಲ ಜಗಳ ಕಾದು ನನ್ನ ಮುಖಕ್ಕೆ ನಾನೇ ಮಸಿ ಬಳಿದುಕೊಂಡೆ.

ಆ ಸಾಲನ್ನು ನಮ್ಮದೇ ಫೈಲಿಗೆ ಹಾಕಿ ಕಂಪೈಲ್ ಮಾಡಿದೆ. ಒಂದೂ ತಪ್ಪಿಲ್ಲ. ಸೋಮವಾರ ಬೆಳಿಗ್ಗೆ ಗಿಳಿಹಸಿರು ಬಣ್ಣದ ಮೊದಲ ಥಾನು ಬಟ್ಟೆ ಮಾದರಿಗೆ ಸರಿಯಾಗಿ ಹೊಂದಿತು. ಮಧ್ಯಾಹ್ನ ಮೆಹುಲ್‌ಭಾಯಿ ಮೆಲ್ಲಗೆ ನನ್ನ ಮೇಜಿನ ಬಳಿ ಬಂದರು. ನೀರಿನ ಟ್ಯಾಂಕುಗಳ ಲೆಕ್ಕಕ್ಕೆ ಹಿಂದೆ ಅವರೇ ಬರೆದ ಪ್ರೋಗ್ರಾಂ ಕೂಡ ನಿಂತಿತ್ತು. ಟ್ಯಾಂಕು ದುಂಡಗಿರುತ್ತದಲ್ಲ, ಅವರಿಗೂ ಪೈ ಬೇಕು! "ಬೆಹೆನ್, ಯೇ ಪೈ ಆತಾ ಕಹಾಂ ಸೇ ಥಾ?" ಪೈ ಬರುತ್ತಿದ್ದದ್ದು ಇಲ್ಲಿಂದಲೇ ಎಂದು ಹಳೆಯ ಪ್ರಿಂಟು ಮುಂದಿಟ್ಟೆ. ಇನಿಷಿಯಲ್ ಓದಿದರು. ಕ್ಷಮೆ ಕೇಳಲಿಲ್ಲ. ನಿಮ್ಮ ಪೂರ್ತಿ ಹೆಸರು ಕೇಳಿದರು.

ನಮ್ಮ ಫೈಲಿನ ಮೊದಲಿಗೆ ನಿಮ್ಮ ಹೆಸರನ್ನು ಇಡಿಯಾಗಿ ಬರೆದಿದ್ದೇನೆ, ನೀವು ಮಾಡಿದ ತಪ್ಪನ್ನೂ ಬರೆದಿದ್ದೇನೆ. ನನ್ನ ಕೋಪ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಈ ಮಿಲ್ಲಿನಲ್ಲಿ ನಾನಿರುವವರೆಗೆ ನಿಮ್ಮನ್ನು ಬೈಯುವವಳು ನಾನೊಬ್ಬಳೇ. ಬೇರೆ ಯಾರಿಗೂ ಬಿಡುವುದಿಲ್ಲ.

ಸುಮಾ